ನೀಲಿ ವೈರಿನ ತುದಿಯಲ್ಲಿ ಬೆಂಕಿ

ಕರೆಂಟಿನ ಕೆಲಸಕ್ಕೆ ಎಲೆಕ್ಟ್ರಿಷಿಯನ್ ಕರೆಸೋದು ಅಂದ್ರೆ ನಮ್ಮ ಸಾಫ್ಟ್‌ವೇರ್ ಜನಕ್ಕೆ ಅದೇನೋ ಅವಮಾನ. ಬಿಇ ಮೊದಲ ವರ್ಷದಲ್ಲಿ ಬೇಸಿಕ್ ಎಲೆಕ್ಟ್ರಿಕಲ್ ಅಂತ ಒಂದು ಪೇಪರ್ ಇತ್ತಲ್ಲ, ಅದನ್ನು ಪರೀಕ್ಷೆಯ ಹಿಂದಿನ ರಾತ್ರಿ ಓದಿ ಪಾಸಾದವರು ನಾವು. ಆದರೂ ವೋಲ್ಟನ್ನು ಆಂಪಿನಿಂದ ಗುಣಿಸಿದರೆ ವಾಟ್ ಬರುತ್ತೆ ಅಂತ ಗೊತ್ತಿದೆಯಲ್ಲ, ಅಷ್ಟು ಸಾಕು ಧೈರ್ಯಕ್ಕೆ. ಆ ಧೈರ್ಯದ ಮೇಲೆ ನನಗೆ ಸಿಟ್ಟು ಬಂದಿದ್ದು ಡಾಲಸ್ ಹತ್ತಿರ ಇರುವ ಗೆಳೆಯನೊಬ್ಬನ ಮನೆಯಲ್ಲಿ, ಬೆಳಗಿನ ಜಾವ ಮೂರೂವರೆಗೆ.

ಅವನ ಹಿತ್ತಿಲಲ್ಲಿ ಒಂದು ಪೆಲೆಟ್ ಸ್ಮೋಕರ್ ಇದೆ. ಗೊತ್ತಿಲ್ಲದವರಿಗೆ ಹೇಳ್ತೀನಿ: ಓಕ್, ಹಿಕರಿ, ಸೇಬು ಇಂಥ ಮರಗಳ ಹೊಟ್ಟನ್ನು ಒತ್ತಿ ಬಳಪದ ತುಂಡಿನ ಹಾಗೆ ಮಾಡಿರ್ತಾರೆ. ಅದೇ ಪೆಲೆಟ್. ಪಕ್ಕದ ಪೆಟ್ಟಿಗೆಯಲ್ಲಿ ಅದನ್ನು ತುಂಬಿಟ್ಟರೆ, ಆಗರ್ ಅನ್ನೋ ತಿರುಪು ಮೋಟಾರಿನಿಂದ ತಿರುಗುತ್ತಾ ಸ್ವಲ್ಪ ಸ್ವಲ್ಪವೇ ಬೆಂಕಿ ಕುಂಡಕ್ಕೆ ತಳ್ಳುತ್ತೆ. ಒಂದು ಫ್ಯಾನು ಗಾಳಿ ಊದುತ್ತೆ. ಶಾಖ ಎಷ್ಟಿದೆ ಅಂತ ನೋಡಿಕೊಂಡು ಎರಡನ್ನೂ ನಡೆಸೋಕೆ ಒಂದು ಕಂಟ್ರೋಲರ್. ಹಂದಿಯ ಭುಜದ ಮಾಂಸ ಇಟ್ಟರೆ 110 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ರಾತ್ರಿಯೆಲ್ಲಾ ಬೇಯುತ್ತೆ, ನಾವು ಮಲಗಬಹುದು. ಅವನ ಹೆಂಡತಿ ಅದರಲ್ಲೇ ಬದನೆಕಾಯಿ ಸುಟ್ಟು ಗೊಜ್ಜು ಮಾಡ್ತಾರೆ. ಆ ಗೊಜ್ಜಿನ ಬಗ್ಗೆ ನನ್ನದೇನೂ ತಕರಾರಿಲ್ಲ.

ಸಮಸ್ಯೆ ಏನಂದ್ರೆ ಸ್ಮೋಕರ್ ಇರುವ ಮೂಲೆಯಲ್ಲಿ ಸಾಕೆಟ್ ಇರಲಿಲ್ಲ. ಎಲೆಕ್ಟ್ರಿಷಿಯನ್ ಬಂದು ನೋಡಿ, ನೆಲ ಅಗೆದು ಪೈಪು ಹಾಕಬೇಕು, ಹೊರಗಡೆ ಸಾಕೆಟ್ಟಿಗೆ ಜಿಎಫ್‌ಸಿಐ ಕಡ್ಡಾಯ, ಪರ್ಮಿಟ್ ಬೇರೆ, ಒಂದೂವರೆ ಸಾವಿರ ಡಾಲರ್ ಅಂದ. ನಮ್ಮವನಿಗೆ ಉರಿದುಹೋಯ್ತು. ಅದೇ ಮೂಲೆಗೆ ಕ್ಯಾಮೆರಾಕ್ಕೆ ಅಂತ ತಾನೇ ಎಳೆದಿದ್ದ ನೀಲಿ ನೆಟ್‌ವರ್ಕ್ ಕೇಬಲ್ ಇತ್ತು. ಪವರ್ ಓವರ್ ಈಥರ್ನೆಟ್ ಇದೆಯಲ್ಲ, ಇದಕ್ಯಾಕೆ ಅಗೆಯೋದು ಅಂದ.

ಇದೆ, ನಿಜ. ಡೇಟಾ ಹೋಗುವ ತಂತಿಯಲ್ಲೇ ಕರೆಂಟನ್ನೂ ಕಳಿಸುವ ಈ ಪದ್ಧತಿಗೆ 2003ರಲ್ಲಿ ಮೊದಲ ಮಾನದಂಡ ಬಂದಾಗ ಸ್ವಿಚ್ಚಿನ ಒಂದು ಪೋರ್ಟಿನಿಂದ 15.4 ವಾಟ್ ಕೊಡಬಹುದಿತ್ತು. ಆಫೀಸಿನ ಐಪಿ ಫೋನಿಗೆ ಅಷ್ಟು ಸಾಕು. 2018ರ ಮಾನದಂಡದಲ್ಲಿ ಅದು 90 ವಾಟ್ ಆಯ್ತು. 100 ಮೀಟರ್ ತಂತಿಯಲ್ಲಿ ಸೋರಿ ಆ ತುದಿಗೆ 71 ವಾಟ್ ಸಿಗುತ್ತೆ ಅಂತ ಲೆಕ್ಕ. ಸ್ಮೋಕರಿನಲ್ಲಿ ಹೆಚ್ಚು ಕರೆಂಟ್ ತಿನ್ನೋದು ಬೆಂಕಿ ಹೊತ್ತಿಸುವ ಇಗ್ನೈಟರ್ ಒಂದೇ, 200ರಿಂದ 300 ವಾಟ್. ಅದನ್ನು ಬಿಚ್ಚಿಟ್ಟು ಗ್ಯಾಸ್ ಟಾರ್ಚಿನಲ್ಲಿ ಕೈಯಾರೆ ಹೊತ್ತಿಸಿದರೆ ಆಮೇಲೆ ಫ್ಯಾನು, ಆಗರ್ ಎರಡಕ್ಕೂ ಸೇರಿ 50 ವಾಟ್ ದಾಟಲ್ಲ. ಅವನದು ಒಳಗೆ 12 ವೋಲ್ಟಿನಲ್ಲೇ ನಡೆಯುವ ಮಾದರಿ. ಸ್ವಿಚ್ಚಿನಿಂದ ಬರುವ 50 ವೋಲ್ಟ್ ಚಿಲ್ಲರೆಯನ್ನು 12ಕ್ಕೆ ಇಳಿಸುವ ಒಂದು ಪೆಟ್ಟಿಗೆ ತಂದು ಸಿಕ್ಕಿಸಿದ, ಓಡ್ತು. ಲೆಕ್ಕದಲ್ಲಿ ತಪ್ಪು ಹುಡುಕಿದೆ, ಸಿಗಲಿಲ್ಲ. ಕೇಬಲ್ ಕೂಡ ಅಪ್ಪಟ ತಾಮ್ರದ್ದು, ಅಗ್ಗಕ್ಕೆ ಸಿಗುವ ತಾಮ್ರ ಲೇಪಿಸಿದ ಅಲ್ಯೂಮಿನಿಯಂ ಅಲ್ಲ. ಅಷ್ಟರ ಮಟ್ಟಿಗೆ ಅವನು ಒಳ್ಳೆ ಎಂಜಿನಿಯರ್ರೇ.

ನಾನು ಹೋಗಿದ್ದ ಶನಿವಾರ ರಾತ್ರಿ ಹತ್ತಕ್ಕೆ ಮಾಂಸ ಇಟ್ಟು ಎಲ್ಲರೂ ಮಲಗಿದ್ವಿ. ಎರಡು ಗಂಟೆಗೆ ನೆಟ್‌ವರ್ಕ್ ಸ್ವಿಚ್ ಫರ್ಮ್‌ವೇರ್ ಅಪ್‌ಡೇಟ್ ಮಾಡಿಕೊಂಡು ರೀಸ್ಟಾರ್ಟ್ ಆಯ್ತು. ಅದು ಅದರ ಧರ್ಮ. ಯಾರೂ ಎದ್ದಿರದ ಹೊತ್ತಲ್ಲಿ ಆಗಲಿ ಅಂತ ಭಾನುವಾರ ಎರಡು ಗಂಟೆ ಅಂತ ಸೆಟ್ ಮಾಡಿಟ್ಟವನೂ ಇವನೇ. ರೀಸ್ಟಾರ್ಟ್ ಆಗುವಾಗ ಪೋರ್ಟುಗಳ ಕರೆಂಟ್ ಹೋಗಿ ಬಂತು. ಸ್ಮೋಕರಿನ ಫ್ಯಾನು, ಆಗರ್ ನಿಂತವು. ಕರೆಂಟ್ ವಾಪಸ್ ಬಂದ ಮೇಲೆ ಕಂಟ್ರೋಲರ್ ತಾನಾಗಿ ಶುರುವಾಗಲಿಲ್ಲ, ಯಾರಾದರೂ ಬಂದು ಬಟನ್ ಒತ್ತಲಿ ಅಂತ ಕೂತಿತ್ತು. ಬೆಂಕಿ ಮಾತ್ರ ಕೂರಲಿಲ್ಲ. ಎದುರಿಗೆ ಗಾಳಿಯಿಲ್ಲ, ಹಿಂದೆ ಆಗರ್ ಕೊಳವೆ ತುಂಬಾ ಒಣ ಪೆಲೆಟ್. ಅದನ್ನೇ ಹಿಡಿದುಕೊಂಡು ನಿಧಾನಕ್ಕೆ ಹಿಂದಕ್ಕೆ ತೆವಳಿ ಪೆಟ್ಟಿಗೆಯ ಬುಡಕ್ಕೆ ಬಂತು. ಇದಕ್ಕೆ ಬರ್ನ್‌ಬ್ಯಾಕ್ ಅಂತಾರೆ. ಇದಾಗಬಾರದು ಅಂತಲೇ ಈ ಸ್ಮೋಕರುಗಳನ್ನು ಆರಿಸುವಾಗಲೂ ಸುಮ್ಮನೆ ಪ್ಲಗ್ ಕೀಳಬಾರದು, ಕುಂಡದಲ್ಲಿರೋದು ಉರಿದು ಮುಗಿಯೋವರೆಗೂ ಫ್ಯಾನು ಓಡಬೇಕು.

ಹಿಂದಿನ ರೂಮಿನಲ್ಲಿ ಮಲಗಿದ್ದ ನನಗೆ ವಾಸನೆ ಬಂತು. ಒಲೆ ಹೊಗೆಯಲ್ಲಿ ಬೆಳೆದ ಮೂಗು, ಅಡುಗೆ ಹೊಗೆ ಯಾವುದು, ಪೇಂಟ್ ಸುಡುವ ಹೊಗೆ ಯಾವುದು ಅಂತ ನಿದ್ದೆಯಲ್ಲೂ ಗೊತ್ತಾಗುತ್ತೆ. ಎಬ್ಬಿಸಿದೆ. ಪೆಲೆಟ್ಟನ್ನೆಲ್ಲಾ ಬಕೆಟ್ಟಿಗೆ ಬಾಚಿ ನೀರು ಸುರಿದ್ವಿ. ಪೆಟ್ಟಿಗೆಯ ಬುಡದ ಪೇಂಟ್ ಗುಳ್ಳೆ ಎದ್ದಿತ್ತು. ಕೆಳಗೆ ಮರದ ಡೆಕ್. ಮೇಲೆ, ಎರಡಾಳೆತ್ತರದಲ್ಲಿ, ಅವನ ಮಗಳು ಮಲಗುವ ರೂಮಿನ ಕಿಟಕಿ.

ಬೆಳಿಗ್ಗೆ ಕಾಫಿ ಕುಡೀತಾ ಅವನು ಹೇಳಿದ್ದು: "ಅಪ್‌ಡೇಟ್ ಟೈಮ್ ಚೇಂಜ್ ಮಾಡ್ತೀನಿ ಬಿಡು ಮಗಾ."

ಈ ಬರಹ ಆ ವಾಕ್ಯದ ಮೇಲಿನ ಸಿಟ್ಟು.

ನೆಟ್‌ವರ್ಕ್ ಕೇಬಲ್ಲಿಗೆ ಒಂದು ಒಪ್ಪಂದ ಇದೆ, ಎಲ್ಲೂ ಬರೆದಿಲ್ಲ ಅಷ್ಟೆ. ಯಾರು ಬೇಕಾದರೂ, ಯಾವಾಗ ಬೇಕಾದರೂ ಕಿತ್ತು ಮತ್ತೆ ಹಾಕಬಹುದು, ಏನೂ ಆಗಲ್ಲ. ನೆಟ್ ನಿಧಾನ ಆದ್ರೆ ಮೊದಲು ಮಾಡೋದೇ ಅದು. ಸ್ವಿಚ್ ಕೂಡ ಅದೇ ಒಪ್ಪಂದದ ಮೇಲೆ ನಡೆಯುತ್ತೆ. ಒಟ್ಟು ವಾಟಿನ ಮಿತಿ ಮೀರಿದರೆ ಕಡಿಮೆ ಆದ್ಯತೆಯ ಪೋರ್ಟಿನ ಕರೆಂಟನ್ನು ತಾನೇ ಕತ್ತರಿಸುತ್ತೆ. ಆ ತುದಿಯಲ್ಲಿರೋ ಫೋನು, ಕ್ಯಾಮೆರಾ ಎಲ್ಲವೂ ಆರಿ ಹೊತ್ತುವುದಕ್ಕೆ ತಯಾರಾಗಿಯೇ ಹುಟ್ಟಿದವು. ಬೆಂಕಿ ಈ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಅವನ ಸ್ವಿಚ್ಚಿನಲ್ಲಿ ಆ ಪೋರ್ಟಿನ ಹೆಸರು ಆ ರಾತ್ರಿಯೂ "ಕ್ಯಾಮೆರಾ 2" ಅಂತಲೇ ಇತ್ತು. ನಾಳೆ ಅವನ ಹೆಂಡತಿ ಮೀಟಿಂಗ್ ಮಧ್ಯೆ ವೈಫೈ ಸತ್ತಿತು ಅಂತ ಸ್ವಿಚ್ ಆರಿಸಿ ಹಾಕಿದರೆ, ಹಿತ್ತಿಲಲ್ಲಿ ಬೆಂಕಿ ಇದೆ ಅಂತ ಅವರಿಗೆ ಯಾರು ಹೇಳಬೇಕು?

ನಮ್ಮೂರು ಮಂಡ್ಯದ ಕಡೆ. ಚಿಕ್ಕಂದಿನಲ್ಲಿ ಆಲೆಮನೆಯಲ್ಲಿ ರಜೆ ಕಳೆದವನು ನಾನು. ಗಾಣಕ್ಕೆ ಮೋಟಾರು, ಕೊಪ್ಪರಿಗೆಗೆ ಬೆಂಕಿ. ಕರೆಂಟ್ ಹೋದ ತಕ್ಷಣ ಗಾಣದ ಹತ್ತಿರ ಇದ್ದವನು ಮಾಡ್ತಿದ್ದ ಮೊದಲ ಕೆಲಸ ಸ್ಟಾರ್ಟರ್ ನೋಡೋದಲ್ಲ, ಒಲೆ ಉರಿಸುವವನಿಗೆ ಕೂಗೋದು. ಹಾಲು ನಿಂತರೆ ಮುಂದಿನ ಕೊಪ್ಪರಿಗೆಗೆ ಹುಯ್ಯೋಕೆ ಏನಿಲ್ಲ, ಖಾಲಿ ಕೊಪ್ಪರಿಗೆ ಕೆಂಡದ ಮೇಲೆ ಕೂತರೆ ಕೆಟ್ಟಿತು. ಅವನು ಕೂಗು ಕೇಳಿದ್ದೇ ಸಿಪ್ಪೆ ಹಾಕೋದು ನಿಲ್ಲಿಸ್ತಿದ್ದ. ಅವರು ಯಾರೂ ಬಿಇ ಓದಿರಲಿಲ್ಲ. ಕರೆಂಟ್ ಕೈಯಲ್ಲಿರುವವನಿಗೂ ಬೆಂಕಿ ಕೈಯಲ್ಲಿರುವವನಿಗೂ ಮಾತು ಇರಬೇಕು ಅನ್ನೋದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ನೀವು ವಾದ ಮಾಡ್ತೀರಿ, ಗೊತ್ತು. ಗೋಡೆಯ ಸಾಕೆಟ್ಟಿನ ಕರೆಂಟೂ ಹೋಗುತ್ತಲ್ಲ? ಹೋಗುತ್ತೆ. ಟೆಕ್ಸಾಸಿನಲ್ಲಿ 2021ರ ಫೆಬ್ರವರಿ ಚಳಿಗೆ ದಿನಗಟ್ಟಲೆ ಹೋಗಿತ್ತು. ಜಿಎಫ್‌ಸಿಐ ಕೂಡ ಐದು ಮಿಲಿಆಂಪ್ ಸೋರಿದರೆ ಟ್ರಿಪ್ ಆಗುತ್ತೆ. ಆದರೆ ಅದು ಅವಘಡ. ಇದು ನೀವೇ ಕ್ಯಾಲೆಂಡರಿನಲ್ಲಿ ಬರೆದಿಟ್ಟ ಪವರ್ ಕಟ್. ಯುಪಿಎಸ್ ಹಾಕ್ತೀನಿ ಅಂತೀರಾ? ಯುಪಿಎಸ್ ಸ್ವಿಚ್ಚಿಗೆ ಕರೆಂಟ್ ಕೊಡುತ್ತೆ, ಸ್ವಿಚ್ ರೀಸ್ಟಾರ್ಟ್ ಆಗೋದನ್ನು ತಡೆಯಲ್ಲ. ಸ್ಮೋಕರ್ ಪಕ್ಕದಲ್ಲೇ ಬ್ಯಾಟರಿ ಇಟ್ಟರೆ ನನ್ನ ವಾದ ಅರ್ಧ ಬೀಳುತ್ತೆ, ಒಪ್ಪಿದೆ. ಹಾಗೆ ಇಟ್ಟವನು ಬ್ಯಾಟರಿ ಎಷ್ಟಿದೆ ಅಂತ ಆ ರಾತ್ರಿ ಎದ್ದು ನೋಡ್ತಾನಾ ಹೇಳಿ. ಇನ್ನು "ಲೋ ವೋಲ್ಟೇಜ್ ಅಲ್ವಾ, ಏನಾಗುತ್ತೆ" ಅನ್ನೋರಿಗೆ: ಶಾಕ್ ಹೊಡೆಯಲ್ಲ, ಸರಿ. ಆ ರಾತ್ರಿಯೂ ಯಾರಿಗೂ ಶಾಕ್ ಹೊಡೆಯಲಿಲ್ಲ.

ಒಂದೂವರೆ ಸಾವಿರ ಡಾಲರ್ ಜಾಸ್ತಿಯೇ. ಅದರಲ್ಲಿ ಪೈಪಿನ ದುಡ್ಡು ಎಷ್ಟೋ ನನಗೆ ಗೊತ್ತಿಲ್ಲ. ಆ ಸಾಕೆಟ್ಟಿನಲ್ಲಿ ಏನಿದೆ ಅಂತ ಅಡಿಗೆರೆ ಹಾಕಿ ಬೋರ್ಡಿನಲ್ಲಿ ಬರೆದಿಡುವ, ನಾಳೆ ತಪ್ಪಾದರೆ ಲೈಸೆನ್ಸ್ ಕಳೆದುಕೊಳ್ಳುವ ಒಬ್ಬ ಮನುಷ್ಯನ ದುಡ್ಡಂತೂ ಇದೆ. ನಮ್ಮ ಕೆಲಸದಲ್ಲಿ ಯಾರ ಲೈಸೆನ್ಸೂ ಹೋಗಲ್ಲ, ರೋಲ್‌ಬ್ಯಾಕ್ ಮಾಡ್ತೀವಿ. ನಾನೂ ವಾರಕ್ಕೆರಡು ಸಲ ಮಾಡ್ತೀನಿ.

ನನ್ನ ಮಾತಿಗೆ ಅವನು ಬಗ್ಗಲಿಲ್ಲ. ಹೊರಗೆ ಸಾಕೆಟ್ ಬರೋವರೆಗೂ ಬದನೆಕಾಯಿ ಗೊಜ್ಜಿಲ್ಲ ಅಂತ ಅವನ ಹೆಂಡತಿ ಹೇಳಿದ ಮೇಲೆ, ಮೂರು ತಿಂಗಳಿಗೆ, ನೆಲ ಅಗೆದ ಫೋಟೋ ಕಳಿಸಿದ. ನೀಲಿ ಕೇಬಲ್ ಈಗಲೂ ಅಲ್ಲೇ ಇದೆಯಂತೆ. ಅದರ ತುದಿಯಲ್ಲಿ ಮತ್ತೆ ಕ್ಯಾಮೆರಾ ಕೂರಿಸಿ, ಮುಖವನ್ನು ಸ್ಮೋಕರ್ ಕಡೆ ತಿರುಗಿಸಿಟ್ಟಿದ್ದಾನೆ.