ಅಜ್ಜಿ ಫೋನು ಹೌದಿನ್ಯಾಗ ಬಿತ್ತು

ಶ್ರಾವಣದ ಒಂದು ಮುಂಜಾನೆ ಮೊಮ್ಮಗ ಅಳುತ್ತ ಬಂದ. "ಅಜ್ಜಾ, ಅಜ್ಜಿ ಫೋನು ಹೌದಿನ್ಯಾಗ ಬಿತ್ತು!" ಅವಳು ತೀರಿ ಎರಡು ವರ್ಷ. ಅವಳು ಹಾಡಿದ ಬೀಸೋ ಪದ ಆ ಒಂದು ಫೋನಿನಲ್ಲಿ ಮಾತ್ರ ಇತ್ತು.

"ಚಾಲೂ ಆಗ್ತದೇನು ನೋಡಿದ್ಯಾ?"

"ಎರಡು ಸಲ ಒತ್ತಿದೆ."

ಅಲ್ಲೇ ತಪ್ಪಾಯಿತು ನೋಡಿ, ಮಕ್ಕಳೇ. ಬರೀ ನೀರಿಗಿಂತ, ನೀರಿದ್ದಾಗ ಹರಿಯುವ ಕರೆಂಟು ಕೆಟ್ಟದ್ದು. ನಮ್ಮ ಬೋರಿನ ನೀರಿನಲ್ಲಿ ಉಪ್ಪು, ಸುಣ್ಣ ಇರುತ್ತದೆ. ಅದರೊಳಗೆ ಕರೆಂಟು ಹರಿದರೆ ತಾಮ್ರದ ಸಣ್ಣ ಗೆರೆಗಳು ಸವೆದು ಹಸಿರುಗಟ್ಟುತ್ತವೆ. ಆದ್ದರಿಂದ ಮೊದಲು ಬಂದ್ ಮಾಡಬೇಕು, ಚಾರ್ಜರ್ ಹತ್ತಿರವೂ ಒಯ್ಯಬಾರದು.

ಹಳೇ ಫೋನು, ಹಿಂದಿನ ಮುಚ್ಚಳ ತೆಗೆಯಬಹುದಿತ್ತು. ಬ್ಯಾಟರಿ, ಸಿಮ್ಮು, ಮೆಮೊರಿ ಕಾರ್ಡು ಬೇರೆ ಮಾಡಿ, ಹತ್ತಿ ಬಟ್ಟೆಯಿಂದ ಒರೆಸಿದೆ. ಅಷ್ಟರಲ್ಲಿ ಸೊಸೆ ಅಕ್ಕಿ ಡಬ್ಬಿ ತಂದಳು. ಬೇಡವೆಂದೆ. 2024ರಲ್ಲಿ ಆ್ಯಪಲ್ ಕಂಪನಿಯೇ, ಒದ್ದೆ ಐಫೋನನ್ನು ಅಕ್ಕಿ ಚೀಲದಲ್ಲಿ ಇಡಬೇಡಿ, ಅಕ್ಕಿಯ ಸಣ್ಣ ಕಣಗಳು ಹಾನಿ ಮಾಡಬಹುದು ಎಂದು ತಿಳಿಸಿತು. ಗಾಳಿ ಆಡಿದರೆ ಸಾಕು. ಫ್ಯಾನಿನ ಎದುರು ಮಣೆಯ ಮೇಲೆ, ಚಾರ್ಜರ್ ತೂತು ಕೆಳಗಾಗುವಂತೆ ಒರಗಿಸಿಟ್ಟೆ. ಒಲೆಯ ಹತ್ತಿರ, ಉರಿ ಬಿಸಿಲಲ್ಲಿ ಇಡಬಾರದು. ಬ್ಯಾಟರಿ ಉಬ್ಬಿದ್ದರೆ ಆಸೆ ಬಿಟ್ಟುಬಿಡಿ, ಅದಕ್ಕೆ ಬೆಂಕಿ ಹತ್ತಬಹುದು.

ಹೊಳೆ ನೀರಿನ ಮಾತು ಬೇರೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿ ರಾಮದುರ್ಗದ ಮನೆಗಳಿಗೆ ನುಗ್ಗಿದಳಲ್ಲ, ಅಂಥ ನೀರು ರಾಡಿಯನ್ನೂ ತರುತ್ತದೆ. ಮಿಕ್ಸರ್, ಟಿವಿ ಮೇಲೆ ಒಣಗಿದಂತೆ ಕಂಡರೂ ಒಳಗಿನ ಕೆಸರು ಪಸೆ ಹಿಡಿದಿರುತ್ತದೆ. ಅಂಥದ್ದನ್ನು ಬಿಚ್ಚಿ ತೊಳೆದು ಒಣಗಿಸುವುದು ರಿಪೇರಿಯವರ ಕೆಲಸ. ಟಿವಿಯನ್ನಂತೂ ನೀವು ಬಿಚ್ಚಲೇಬೇಡಿ, ಪ್ಲಗ್ ತೆಗೆದ ಮೇಲೂ ಒಳಗೆ ಕರೆಂಟು ಉಳಿದಿರಬಹುದು. ನೀರು ಹೊಕ್ಕ ಮನೆಯಲ್ಲಿ ವೈರಿಂಗ್ ತೋರಿಸದೆ ಮೇನ್ ಸ್ವಿಚ್ ಹಾಕಬಾರದು. ಒದ್ದೆ ನೆಲದಲ್ಲಿ ನಿಂತು ಅದನ್ನು ಮುಟ್ಟಲೂ ಬಾರದು.

ನಮ್ಮ ಫೋನಿಗೆ ಬರೋಣ. ಕಾರ್ಡು ಮರುದಿನವೇ ಒಣಗಿತ್ತು. ಬೇರೆ ಫೋನಿಗೆ ಹಾಕಿ ನೋಡಿದರೆ ಮದುವೆ ಫೋಟೊ ಇದ್ದವು, ಪದ ಇರಲಿಲ್ಲ. ಅದು ಫೋನಿನ ಹೊಟ್ಟೆಯಲ್ಲೇ ಇತ್ತು. ಮೊಮ್ಮಗ ತಾಸಿಗೊಮ್ಮೆ ಬಂದು, "ಈಗ ಹಚ್ಚೋಣೇನಜ್ಜಾ?" ಅನ್ನುತ್ತಿದ್ದ. ನನ್ನ ಕೈಯೂ ತುರಿಸುತ್ತಿತ್ತು, ಸುಳ್ಳೇಕೆ ಹೇಳಲಿ.

ಮೂರನೇ ದಿನ ಬ್ಯಾಟರಿ ಹಾಕಿ ಒತ್ತಿದೆವು. ಪರದೆಯ ಅರ್ಧ ಕಪ್ಪು. ಮೊಮ್ಮಗ ಹುಡುಕಿ ಹಚ್ಚಿದ. ಗೊರಗೊರ ಸದ್ದಿನ ನಡುವೆ ಅವಳ ದನಿ ಬಂತು, ನಡುವೆ ಒಮ್ಮೆ ಕೆಮ್ಮಿದ್ದೂ ಕೇಳಿಸಿತು. ಇನ್ನೊಮ್ಮೆ ಚಾಲೂ ಆಗುವ ಭರವಸೆ ಇರಲಿಲ್ಲವೆಂದು ಆಗಲೇ ಮಗನ ಫೋನಿಗೂ ಸೊಸೆಯ ಫೋನಿಗೂ ಕಳಿಸಿದೆವು. ಸಂಜೆಗೆ ಅದು ಬಂದಾಯಿತು, ಮತ್ತೆ ಏಳಲಿಲ್ಲ.