ಹೆಬ್ಬೆಟ್ಟು ಒತ್ತುವ ಮೊದಲು

ಯಂತ್ರಕ್ಕೆ ಬಲಗೈಯ ಹೆಬ್ಬೆರಳು ಕೊಟ್ಟ ಕಾಮಗಾರನ ಮುಂದೆ, ಗಾಯದ ಪಟ್ಟಿ ಬಿಚ್ಚುವ ಮೊದಲೇ ಒಂದು ಕಾಗದ ಬರುತ್ತದೆ. "ತಪ್ಪು ನಿಂದ ಐತಿ. ಆದರೂ ಮಾಲಕರು ದೊಡ್ಡ ಮನಸ್ಸು ಮಾಡ್ಯಾರ. ಇಷ್ಟು ರೊಕ್ಕ ತಗೊಂಡು ಹೆಬ್ಬೆಟ್ಟು ಒತ್ತು" ಎನ್ನುತ್ತಾನೆ ಮುಕಾದಮ. ಬಲಗೈಯಲ್ಲಿ ಹೆಬ್ಬೆರಳಿಲ್ಲ, ಎಡಗೈಯದನ್ನು ಒತ್ತಿಸಿಕೊಳ್ಳುತ್ತಾರೆ. ಯಮಕನಮರಡಿಯಿಂದ ದುಡಿಯಲು ಹೋಗುವ ಬಂಧುಗಳೇ, ಆ ಕಾಗದದ ಬಗ್ಗೆ ನಾವು ನಾಲ್ಕು ಮಾತು ಹೇಳಬಯಸುತ್ತೇವೆ.

ಗೋಕಾಕ ಫಾಲ್ಸಿನಲ್ಲಿ ಘಟಪ್ರಭೆಯ ನೀರಿನ ಬಲದಿಂದ ನೂಲಿನ ಗಿರಣಿ ತಿರುಗತೊಡಗಿದ್ದು 1887ರಲ್ಲಿ. ಕೆಲಸದಲ್ಲಿ ಗಾಯಗೊಂಡವನಿಗೆ ಪರಿಹಾರ ಕೊಡಬೇಕೆಂಬ 1923ರ ಕಾಯದೆ ಜಾರಿಗೆ ಬಂದದ್ದು 1924ರ ಜುಲೈ 1ರಂದು. ನಡುವಿನ 37 ವರ್ಷ ಈ ಆಸರೆಯಿಲ್ಲದೆ ಕಾಮಗಾರ ದುಡಿದ. ಆ ಕಾಯದೆಯ ತಿರುಳು ಈಗ, 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ.

ತಿರುಳೇನು? ಮಾಲಕನ ತಪ್ಪನ್ನು ಕಾಮಗಾರ ಸಿದ್ಧಪಡಿಸಬೇಕಾಗಿಲ್ಲ. ಅಪಘಾತವು ಕೆಲಸದ ಕಾರಣದಿಂದ, ಕೆಲಸದ ಹೊತ್ತಿನಲ್ಲಿ ಆಗಿದ್ದರೆ ಸಾಕು. ದಣಿದ ಕೈ ಜಾರಿತೆಂಬುದು ಪರಿಹಾರ ತಪ್ಪಿಸಲು ನೆವವಾಗದು. ಕುಡಿದಿದ್ದರೆ, ಬೇಕೆಂದೇ ಸುರಕ್ಷತೆಯ ನಿಯಮ ಮೀರಿದ್ದರೆ ಮಾತು ಬೇರೆ. ಸಾವು ಅಥವಾ ಪೂರ್ಣ ಶಾಶ್ವತ ಅಂಗವಿಕಲತೆಯಾದಾಗ ಅದೂ ಮಾಲಕನ ನೆರವಿಗೆ ಬಾರದು. ಗುತ್ತೇದಾರನ ಆಳೂ ಮೂಲ ಮಾಲಕನನ್ನು ಕೇಳಬಹುದು. ಹಕ್ಕು ಬಿಟ್ಟುಕೊಟ್ಟೆನೆಂಬ ಕರಾರು ಕಾಯದೆಯ ಮುಂದೆ ರದ್ದಿ ಕಾಗದ.

ಶಾಲೆಯ ಹಲಗೆ ಬಿಟ್ಟು ಬಂದ ನಾವು ಲೆಕ್ಕವನ್ನೇ ಹಾಕಿ ತೋರಿಸುತ್ತೇವೆ. ವಯಸ್ಸು 30, ತಿಂಗಳ ಪಗಾರ 10,000 ರೂಪಾಯಿ. ಪಗಾರದ ಶೇಕಡಾ 60 ಎಂದರೆ 6,000. ಆ ವಯಸ್ಸಿಗೆ ಕಾಯದೆ ಕೊಟ್ಟ ಗುಣಕ 207.98. ಹೆಬ್ಬೆರಳು ಹೋದರೆ ಗಳಿಕೆಯ ನಷ್ಟ ಶೇಕಡಾ 30. ಗುಣಿಸಿದರೆ ಬರುವುದು 3,74,364 ರೂಪಾಯಿ. ಈಗ ಮುಕಾದಮನ ಕೈಯಲ್ಲಿರುವ ನೋಟುಗಳನ್ನು ಎಣಿಸಿ ನೋಡಿರಿ.

ಇ.ಎಸ್.ಐ. ಇದ್ದವರು ಮಾತ್ರ ಮಾಲಕನನ್ನಲ್ಲ, ಇ.ಎಸ್.ಐ.ಯನ್ನೇ ಕೇಳಬೇಕು.

"ವಕೀಲರ ಫೀ ಎಲ್ಲಿಂದ ತರೂಣು?" ಎನ್ನುವಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯದೆಯ 12ನೆಯ ಕಲಮಿನಂತೆ ಕೈಗಾರಿಕೆಯ ಕಾಮಗಾರರಿಗೆ, ಹೆಂಗಸರಿಗೆ, ಪರಿಶಿಷ್ಟ ಜಾತಿ-ಪಂಗಡದವರಿಗೆ, ಅಂಗವಿಕಲರಿಗೆ ವಕೀಲರ ನೆರವು ಪುಕ್ಕಟೆ. ಹುಕ್ಕೇರಿ, ಗೋಕಾಕ ಕೋರ್ಟುಗಳಲ್ಲಿರುವ ತಾಲೂಕು ಕಾನೂನು ಸೇವಾ ಸಮಿತಿಗೆ ಅರ್ಜಿ ಕೊಡಿರಿ. 15100ಕ್ಕೆ ಫೋನು ಮಾಡಿದರೂ ಆದೀತು. ಬಂದ ಪರಿಹಾರದಲ್ಲಿ ಪಾಲು ಕೇಳುವ ದಲ್ಲಾಳಿಯ ಗೊಡವೆ ಬೇಡ. ಆದರೆ ಎರಡು ವರ್ಷದೊಳಗೆ ದಾವೆ ಹೂಡಲೇಬೇಕು.

ಸಣ್ಣ ವ್ಯಾಪಾರಿ ಬಂಧುಗಳೇ, ಹಿಟ್ಟಿನ ಗಿರಣಿಗೋ ಎಣ್ಣೆಯ ಗಾಣಕ್ಕೋ ಆಳು ಇಟ್ಟರೆ ನೀವೂ ಮಾಲಕರೇ. ಒಂದು ಅಪಘಾತ ಆಳಿನ ಮನೆಯೊಡನೆ ನಿಮ್ಮ ಅಂಗಡಿಯನ್ನೂ ಮುಳುಗಿಸಬಲ್ಲದು. ಆಳುಗಳ ಪರಿಹಾರದ ವಿಮೆ ತೆಗೆಸಿರಿ, ಇಬ್ಬರೂ ಉಳಿಯುವಿರಿ.

ಅಪಘಾತವಾದ ಕೂಡಲೇ ಮಾಲಕನಿಗೆ ಬರಹದಲ್ಲಿ ತಿಳಿಸಿರಿ. ದವಾಖಾನೆಯ ಚೀಟಿ, ಪಗಾರದ ಚೀಟಿ ಕಾಯ್ದಿಡಿರಿ. ಕಣ್ಣಾರೆ ಕಂಡವರ ಹೆಸರು ಬರೆದುಕೊಳ್ಳಿರಿ. ಕಾಗದ ಬಂದರೆ, ಓದಬಲ್ಲವರಿಂದ ಓದಿಸಿ ಕೇಳುವ ತನಕ ಉಳಿದ ಹೆಬ್ಬೆಟ್ಟನ್ನು ಒತ್ತಬೇಡಿರಿ.