ಸೋತ ಸೇನಾನಿಯ ಹೆಸರು

ವಾಂಡಿವಾಷ್ ಕದನದ ಹೆಸರನ್ನು ಶಾಲೆಯಲ್ಲಿ ಓದದವರು ನಮ್ಮಲ್ಲಿ ವಿರಳ. ಅಲ್ಲಿ ಸೋತ ಸೇನಾನಿಯ ಗತಿಯೇನಾಯಿತೆಂದು ಮಾತ್ರ ನಾವು ವಿಚಾರಿಸುವುದಿಲ್ಲ.

ಕೌಂಟ್ ಡಿ ಲ್ಯಾಲಿಯು ಫ್ರಾನ್ಸಿನ ದೊರೆ ಹದಿನೈದನೆಯ ಲೂಯಿಯ ಸರದಾರನು. 1745ರ ಫಾಂಟೆನಾಯ್ ರಣದಲ್ಲಿ ಕೀರ್ತಿವಂತನಾದವನು. 1758ರಲ್ಲಿ ಪುದುಚೇರಿಗೆ ಬಂದಿಳಿದನು. ಶೂರನೇನೋ ಹೌದು, ಆದರೆ ಮುಂಗೋಪಿ. ಆತನ ಕಟುನುಡಿಯಿಂದ ಜೊತೆಯ ಅಧಿಕಾರಿಗಳೇ ವೈರಿಗಳಾದರು. ಬೊಕ್ಕಸ ಬರಿದಾಗಿತ್ತು, ನೌಕಾಪಡೆಯೂ ಕೈಬಿಟ್ಟು ಹೋಯಿತು. ಮದರಾಸಿನ ಮುತ್ತಿಗೆ ವಿಫಲವಾಯಿತು. 1760ರಲ್ಲಿ ವಾಂಡಿವಾಷ್ ಸೋಲು. ಹೈದರಾಲಿ ಕಳುಹಿದ ಮೈಸೂರಿನ ದಂಡಿಗೂ ಪುದುಚೇರಿಯನ್ನು ಉಳಿಸುವುದಾಗಲಿಲ್ಲ. 1761ರಲ್ಲಿ ಪಟ್ಟಣವು ಇಂಗ್ಲಿಷರ ಕೈಸೇರಿತು.

ಸೆರೆಯಾಳಾಗಿ ಇಂಗ್ಲೆಂಡಿಗೆ ಹೋದ ಲ್ಯಾಲಿಯು, ತಾಯ್ನಾಡಿನಲ್ಲಿ ತನ್ನ ಮೇಲೆ ದ್ರೋಹದ ದೂರು ಹುಟ್ಟಿದೆಯೆಂದು ಕೇಳಿ, ಉತ್ತರ ಹೇಳಲು ತಾನಾಗಿಯೇ ಮರಳಿದನು. ದೊರೆತದ್ದು ಬ್ಯಾಸ್ಟೀಲಿನ ಸೆರೆಮನೆ. 1766ರ ಮೇ 9ರಂದು ಪ್ಯಾರಿಸಿನಲ್ಲಿ, ಮಾತನಾಡದಂತೆ ಬಾಯಿ ಬಿಗಿದು, ಆತನ ಶಿರಚ್ಛೇದ ಮಾಡಿದರು.

ಆಗ ಮಗನಿಗೆ ಹದಿನೈದು ವರ್ಷ. ತಂದೆಯ ಕಳಂಕವನ್ನು ತೊಳೆಯುವುದೇ ಆತನ ವ್ರತವಾಯಿತು. ವೃದ್ಧ ವಾಲ್ಟೇರನು ಲೇಖನಿಯ ನೆರವಿತ್ತನು. 1778ರಲ್ಲಿ ರಾಜನ ಮಂತ್ರಾಲೋಚನಾ ಸಭೆಯು ಆ ತೀರ್ಪನ್ನು ರದ್ದುಗೊಳಿಸಿತು. ಮರಣಶಯ್ಯೆಯಲ್ಲಿದ್ದ ವಾಲ್ಟೇರನು ಈ ಸುದ್ದಿಯನ್ನು ಕೇಳಿಯೇ ಕಣ್ಣುಮುಚ್ಚಿದನು.

ಲ್ಯಾಲಿಯಲ್ಲಿ ದುಡುಕಿತ್ತು, ದ್ರೋಹವಿರಲಿಲ್ಲ. ಕೆಲಸ ಕೆಟ್ಟಾಗ ಒರಟುಮಾತಿನವನ ಮೇಲೆಯೇ ತಪ್ಪು ಹೊರಿಸುವ ಆತುರವು ನಮ್ಮ ಮನೆಗಳಲ್ಲಿಯೂ ಉಂಟು. ಆತನ ಮಾತನ್ನೂ ಕೇಳಿ, ಅನಂತರ ತೀರ್ಪು ಹೇಳೋಣ.